ಕಲೆ ಅಡಗಿಸುವ ಕಲೆ: ಹೊಲಿಗೆಯ ಆಯ್ಕೆ ಮತ್ತು ಗಾಯದ ಗುರುತು

ಕನ್ನಡದಲ್ಲಿ ‘ಕಲೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ಗಾಯ ಮಾಯ್ದ ಮೇಲೆ ಮೈಮೇಲೆ ಉಳಿಯುವ ಗುರುತು. ಇನ್ನೊಂದು, ಕೈಚಳಕ ಮತ್ತು ಸೌಂದರ್ಯದೃಷ್ಟಿ ಕೂಡಿದ ವಿದ್ಯೆ. ಜನರು ಸಾಮಾನ್ಯವಾಗಿ ಪ್ಲಾಸ್ಟಿಕ್ ಸರ್ಜರಿ ಎಂದು ಕರೆಯುವ ಸುರೂಪ ಶಸ್ತ್ರಚಿಕಿತ್ಸೆಯಲ್ಲಿ ಈ ಎರಡು ಅರ್ಥಗಳೂ ಒಂದೆಡೆ ಸೇರುತ್ತವೆ. ಮೂಗಿನ ಡೊಂಕನ್ನು ತಿದ್ದುವುದಿರಲಿ, ಹರಿದ ಕಿವಿಯನ್ನು ಕೂಡಿಸುವುದಿರಲಿ, ಮುಖದ ಮಚ್ಚೆಯನ್ನು ತೆಗೆಯುವುದಿರಲಿ, ಶಸ್ತ್ರವೈದ್ಯನ ಕೆಲಸದ ಅರ್ಧಭಾಗ ಕತ್ತಿಯಲ್ಲಿದ್ದರೆ ಉಳಿದರ್ಧ ಸೂಜಿದಾರದಲ್ಲಿದೆ.

‘ಪ್ಲಾಸ್ಟಿಕ್ ಸರ್ಜರಿ ಮಾಡಿಸಿದರೆ ಕಲೆಯೇ ಉಳಿಯುವುದಿಲ್ಲವಂತೆ’ ಎಂಬ ಮಾತು ವಿದ್ಯಾವಂತರಲ್ಲಿಯೂ ಪ್ರಚಲಿತವಾಗಿದೆ. ಇದು ತಪ್ಪು ತಿಳಿವಳಿಕೆ. ಒಳಚರ್ಮದವರೆಗೆ ಇಳಿದ ಯಾವ ಗಾಯವೂ ಗುರುತು ಉಳಿಸದೆ ಮಾಯುವುದಿಲ್ಲ. ಕಲೆಯಿಲ್ಲದೆ ಚರ್ಮ ಕೂಡಿಕೊಳ್ಳುವ ಶಕ್ತಿ ಇರುವುದು ತಾಯಿಯ ಗರ್ಭದಲ್ಲಿ ಐದಾರು ತಿಂಗಳೊಳಗಿನ ಭ್ರೂಣಕ್ಕೆ ಮಾತ್ರ. ಹುಟ್ಟಿದ ಮೇಲೆ ಆ ವರ ಮನುಷ್ಯನಿಗಿಲ್ಲ. ಶಸ್ತ್ರವೈದ್ಯನು ಮಾಡಬಲ್ಲುದು ಇಷ್ಟೆ: ಕಲೆಯನ್ನು ತೆಳುವಾದ ಗೆರೆಯನ್ನಾಗಿ ಮಾಡುವುದು, ಕಣ್ಣಿಗೆ ಬೀಳದ ಜಾಗದಲ್ಲಿ ಅದನ್ನು ಅಡಗಿಸುವುದು. ಈ ಕೆಲಸದಲ್ಲಿ ವೈದ್ಯನ ಪಾಲೆಷ್ಟು, ರೋಗಿಯ ಪಾಲೆಷ್ಟು ಎಂಬುದನ್ನು ಮೊದಲೇ ತಿಳಿದವರಿಗೆ ಮುಂದೆ ನಿರಾಶೆಯಾಗುವ ಸಂಭವ ಕಡಿಮೆ.

ನಮ್ಮ ನಾಡಿನ ಪರಂಪರೆ

ಗಾಯ ಹೊಲಿಯುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯು ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿ ಎಂದು ನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುತ್ತದೆ. ಸಣಬು, ಅಗಸೆನಾರು, ಸ್ನಾಯುತಂತು, ಕೂದಲು ಮೊದಲಾದವನ್ನು ದಾರವಾಗಿ ಬಳಸಬಹುದೆಂದು ಹೇಳುತ್ತದೆ. ಹೊಲಿಗೆಗಳು ತೀರ ದೂರವಾದರೆ ಗಾಯದ ಅಂಚಿನಲ್ಲಿ ನೋವು, ತೀರ ಹತ್ತಿರವಾದರೆ ಅಂಚು ಹರಿಯುವ ಭಯ ಎಂದು ಅದು ಕೊಡುವ ಎಚ್ಚರಿಕೆಯನ್ನು ಇಂದಿನ ಶಸ್ತ್ರವೈದ್ಯನೂ ಒಪ್ಪುತ್ತಾನೆ. ಹರಿದ ಕಿವಿಯನ್ನು ಜೋಡಿಸುವುದಕ್ಕೇ ಅಲ್ಲಿ ಹದಿನೈದು ವಿಧಾನಗಳಿವೆ.

ಈ ಪರಂಪರೆ ಹೊರಜಗತ್ತಿಗೆ ತಿಳಿದ ಕಥೆಗೆ ಮೈಸೂರು ಮತ್ತು ಪುಣೆ ಎರಡರ ನಂಟೂ ಇದೆ. ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ೧೭೯೨ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕಿ, ಮೂಗು ಮತ್ತು ಒಂದು ಕೈಯನ್ನು ಕಳೆದುಕೊಂಡನು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬನು ಅವನ ಹಣೆಯ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿಕೊಟ್ಟನು. ಇದರ ವರದಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯ ೧೭೯೪ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನೋದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಅನುಸರಿಸಿ ಯಶಸ್ವಿಯಾದನು. ಆ ವರದಿಯಲ್ಲಿ ಒಂದು ಸ್ವಾರಸ್ಯವಿದೆ: ಚರ್ಮದ ಅಂಚುಗಳನ್ನು ಹಿಡಿದಿಡಲು ನೀರಿನಲ್ಲಿ ಮೆದುಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಒಂದರ ಮೇಲೊಂದು ಅಂಟಿಸಲಾಯಿತು, ನಾಲ್ಕು ದಿನ ಬೇರೆ ಕಟ್ಟು ಇರಲಿಲ್ಲ. ತಾಂಬೂಲದ ಕಾಚು ಅಂದು ಮಾಡಿದ ಕೆಲಸವನ್ನೇ ಇಂದು ಆಸ್ಪತ್ರೆಯ ಅಂಟುಪಟ್ಟಿಗಳು ಮಾಡುತ್ತಿವೆ.

ಗಾಯ ಮಾಯುವ ಬಗೆ

ಹೊಲಿಗೆಯ ಆಯ್ಕೆಯನ್ನು ಅರಿಯಬೇಕಾದರೆ ಗಾಯ ಹೇಗೆ ಮಾಯುತ್ತದೆಂಬುದನ್ನು ಮೊದಲು ಅರಿಯಬೇಕು. ಮೊದಲ ಮೂರು ನಾಲ್ಕು ದಿನ ರಕ್ತ ಹೆಪ್ಪುಗಟ್ಟಿ, ಬಿಳಿ ರಕ್ತಕಣಗಳು ಬಂದು ಗಾಯವನ್ನು ಶುಚಿಮಾಡುತ್ತವೆ. ಆಗ ಊತ, ಕೆಂಪು, ನೋವು ಸಹಜ. ಅನಂತರದ ಎರಡು ಮೂರು ವಾರಗಳಲ್ಲಿ ಕೊಲಾಜೆನ್ ಎಂಬ ನಾರಿನಂಥ ಸಸಾರಜನಕ ವಸ್ತು ಅವಸರದಿಂದ ತಯಾರಾಗಿ ಬಿರುಕನ್ನು ತುಂಬುತ್ತದೆ. ಸಹಜ ಚರ್ಮದಲ್ಲಿ ಈ ನಾರುಗಳು ಬುಟ್ಟಿಯ ಹೆಣಿಗೆಯಂತಿದ್ದರೆ, ಕಲೆಯಲ್ಲಿ ಅವು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಬಿದ್ದಿರುತ್ತವೆ. ಕೊನೆಯ ಹಂತದಲ್ಲಿ ದೇಹವು ಈ ಅವಸರದ ಕೆಲಸವನ್ನು ನಿಧಾನವಾಗಿ ಬಿಚ್ಚಿ ಮತ್ತೆ ಹೆಣೆಯುತ್ತದೆ. ಇದಕ್ಕೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು.

ಆದುದರಿಂದ ಎರಡು ಮೂರು ತಿಂಗಳ ಹೊತ್ತಿಗೆ ಕಲೆ ಕೆಂಪಾಗಿ, ಗಟ್ಟಿಯಾಗಿ, ತುಸು ಉಬ್ಬಿ ಕಂಡರೆ ಕಂಗೆಡಬೇಕಾಗಿಲ್ಲ. ಕಲೆಯು ಅತ್ಯಂತ ವಿಕಾರವಾಗಿ ಕಾಣುವ ಕಾಲವೇ ಅದು. ಬಹುಪಾಲು ಕಲೆಗಳು ಮುಂದೆ ತಾವಾಗಿಯೇ ಮೆದುವಾಗಿ, ಚಪ್ಪಟೆಯಾಗಿ, ಬಣ್ಣ ಕಳೆದುಕೊಳ್ಳುತ್ತವೆ.

ಗಾಯದ ಬಲದ ಲೆಕ್ಕವೂ ಮುಖ್ಯವಾದುದು. ಒಂದು ವಾರದ ಗಾಯಕ್ಕೆ ಸಹಜ ಚರ್ಮದ ನೂರರಲ್ಲಿ ಹತ್ತು ಪಾಲಿನಷ್ಟೂ ಬಲವಿರುವುದಿಲ್ಲ. ಮೂರು ವಾರಕ್ಕೆ ಸುಮಾರು ಇಪ್ಪತ್ತು ಪಾಲು, ಆರು ವಾರಕ್ಕೆ ಸುಮಾರು ಅರ್ಧ, ಮೂರು ತಿಂಗಳಿಗೆ ಸುಮಾರು ಎಂಬತ್ತು ಪಾಲು, ಆಮೇಲೆ ಹೆಚ್ಚುವುದಿಲ್ಲ. ಹಾಗಾದರೆ ಏಳನೆಯ ದಿನ ಮೇಲಿನ ಹೊಲಿಗೆ ಬಿಚ್ಚಿದ ಮೇಲೆ ಗಾಯವನ್ನು ಹಿಡಿದಿಡುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿಯೇ ಪದರ ಪದರವಾಗಿ ಹೊಲಿಯುವ ಪದ್ಧತಿ ಬಂದಿದೆ.

ಚರ್ಮದ ಗೆರೆಗಳು

ಹೊಲಿಗೆಗಿಂತ ಮೊದಲು ಕತ್ತರಿಸುವ ದಿಕ್ಕನ್ನು ನಿರ್ಣಯಿಸಬೇಕು. ಚರ್ಮವು ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಎಳೆದುಕೊಂಡಿರುವುದಿಲ್ಲ. ವಿಯೆನ್ನಾದ ಅಂಗರಚನಾ ಶಾಸ್ತ್ರಜ್ಞ ಕಾರ್ಲ್ ಲ್ಯಾಂಗರ್ ೧೮೬೧ರಲ್ಲಿ ಶವಗಳ ಚರ್ಮದಲ್ಲಿ ದುಂಡಗಿನ ಮೊನೆಯಿಂದ ಚುಚ್ಚಿದಾಗ ರಂಧ್ರಗಳು ದುಂಡಗಾಗದೆ ಸೀಳಿನಂತೆ ಉದ್ದವಾದುದನ್ನು ಗಮನಿಸಿ, ಮೈಯೆಲ್ಲದರ ಗೆರೆಗಳ ನಕ್ಷೆಯನ್ನು ಬರೆದನು. ಇಂದಿನ ಶಸ್ತ್ರವೈದ್ಯರು ಜೀವಂತ ಚರ್ಮ ಸಡಿಲವಾಗಿರುವಾಗ ಕಾಣುವ ಗೆರೆಗಳನ್ನು ಅನುಸರಿಸುತ್ತಾರೆ. ಹಣೆಯಲ್ಲಿ ಅವು ಅಡ್ಡಡ್ಡ, ಕಣ್ಣಿನ ಕೊನೆಯಲ್ಲಿ ಬೀಸಣಿಗೆಯಂತೆ, ಕತ್ತಿನಲ್ಲಿ ಹಾರದಂತೆ ಇರುತ್ತವೆ. ಈ ಗೆರೆಯೊಡನೆ ಸಾಗಿದ ಗಾಯದ ಅಂಚುಗಳು ಬಾಯ್ಬಿಡುವುದು ಕಡಿಮೆ. ವಯಸ್ಸಾದಂತೆ ಕಲೆಯು ಸುಕ್ಕಿನಲ್ಲೇ ಸೇರಿಹೋಗುತ್ತದೆ. ಗೆರೆಗೆ ಅಡ್ಡವಾಗಿ ಸಾಗಿದ ಗಾಯದ ಕಲೆ ಅಗಲವಾಗುತ್ತದೆ. ಗೆರೆಯ ಜೊತೆಗೆ ಮರೆಯನ್ನೂ ಹುಡುಕುವುದುಂಟು: ಕೂದಲಿನ ಅಂಚು, ಕಿವಿಯ ಹಿಂಭಾಗ, ಕಣ್ರೆಪ್ಪೆಯ ಮಡಿಕೆ.

ದಾರದ ಆಯ್ಕೆ

ದಾರಗಳಲ್ಲಿ ಎರಡು ಮುಖ್ಯ ವರ್ಗಗಳಿವೆ: ದೇಹದಲ್ಲಿ ಕರಗುವಂಥವು, ಕರಗದಂಥವು. ಕರಗುವ ದಾರಗಳಲ್ಲಿ ಹಳೆಯದು ಕ್ಯಾಟ್‌ಗಟ್. ಹೆಸರಿನಲ್ಲಿ ಬೆಕ್ಕಿದ್ದರೂ ಇದನ್ನು ತಯಾರಿಸುತ್ತಿದ್ದುದು ಕುರಿ ಅಥವಾ ದನದ ಕರುಳಿನಿಂದ. ೧೯೭೦ರ ದಶಕದಿಂದ ಕಾರ್ಖಾನೆಯಲ್ಲಿ ಸಂಯೋಜಿಸಿದ ದಾರಗಳು ಇದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಪಾಲಿಗ್ಲಾಕ್ಟಿನ್ ಎಂಬ ದಾರ ಮೂರು ವಾರಗಳ ತನಕ ತನ್ನ ಬಲದ ಸುಮಾರು ಅರ್ಧವನ್ನು ಉಳಿಸಿಕೊಂಡು, ಎರಡು ಎರಡೂವರೆ ತಿಂಗಳಲ್ಲಿ ಕರಗಿಹೋಗುತ್ತದೆ. ಪಾಲಿಡಯಾಕ್ಸನೋನ್ ಇನ್ನೂ ಹೆಚ್ಚು ಕಾಲ ಬಾಳಿ, ಪೂರ್ಣವಾಗಿ ಕರಗಲು ಸುಮಾರು ಆರು ತಿಂಗಳು ತೆಗೆದುಕೊಳ್ಳುತ್ತದೆ. ಸೆಳೆತ ಹೆಚ್ಚಾಗಿರುವ ಹೊಟ್ಟೆ, ಬೆನ್ನಿನಂಥ ಜಾಗಗಳ ಒಳಪದರಕ್ಕೆ ನಿಧಾನವಾಗಿ ಕರಗುವ ದಾರವೇ ಲೇಸು.

ಕರಗದ ದಾರಗಳಲ್ಲಿ ರೇಷ್ಮೆ, ನೈಲಾನ್, ಪಾಲಿಪ್ರೊಪಿಲೀನ್ ಪ್ರಮುಖವಾದವು. ರೇಷ್ಮೆ ಕೈಗೆ ಮೆದು, ಗಂಟು ಭದ್ರ. ಆದರೆ ಅದು ಹಲವು ಎಳೆಗಳನ್ನು ಹೆಣೆದ ದಾರವಾದುದರಿಂದ ಎಳೆಗಳ ಸಂದಿಯಲ್ಲಿ ರೋಗಾಣುಗಳಿಗೆ ಆಶ್ರಯ ಸಿಗುತ್ತದೆ, ಚರ್ಮವೂ ಅದರ ವಿರುದ್ಧ ಹೆಚ್ಚು ಕೆರಳುತ್ತದೆ. ನೈಲಾನ್ ಮತ್ತು ಪಾಲಿಪ್ರೊಪಿಲೀನ್ ಒಂಟಿ ಎಳೆಯ ನುಣುಪಾದ ದಾರಗಳು. ಮುಖದ ಚರ್ಮಕ್ಕೆ ಇವು ಹೆಚ್ಚು ಒಗ್ಗುತ್ತವೆ.

ದಾರದ ದಪ್ಪವನ್ನು ಸೊನ್ನೆಗಳಿಂದ ಎಣಿಸುತ್ತಾರೆ. ಸೊನ್ನೆ ಹೆಚ್ಚಿದಷ್ಟೂ ದಾರ ತೆಳು. ಮೈಕೈಗಳಿಗೆ ಮೂರು ಅಥವಾ ನಾಲ್ಕು ಸೊನ್ನೆಯ ದಾರ, ಮುಖಕ್ಕೆ ಐದು ಅಥವಾ ಆರು ಸೊನ್ನೆಯ ದಾರ ಎಂಬುದು ವಾಡಿಕೆ. ಆರು ಸೊನ್ನೆಯ ದಾರದ ದಪ್ಪ ಸುಮಾರು ೦.೦೭ ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ತಲೆಗೂದಲಿನಷ್ಟು.

ಇಲ್ಲೊಂದು ಮಾತನ್ನು ನೆನಪಿಡಬೇಕು. ಮುಖದ ಚರ್ಮಕ್ಕೆ ಕರಗುವ ದಾರ, ಕರಗದ ದಾರ ಎರಡನ್ನೂ ಬಳಸಿ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಕೊನೆಗೆ ಉಳಿದ ಕಲೆಯ ಅಂದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬಂದಿಲ್ಲ. ‘ಬೆಲೆಬಾಳುವ ದಾರ ಹಾಕಿ ಡಾಕ್ಟರೇ’ ಎಂದು ಕೇಳುವವರು ದಾರದ ಹೆಸರಿಗಿಂತ ಅದನ್ನು ಹಿಡಿದ ಕೈಯ ಅನುಭವವನ್ನು ವಿಚಾರಿಸುವುದು ಒಳ್ಳೆಯದು.

ಹೊಲಿಗೆಯ ರೀತಿ

ಒಳ್ಳೆಯ ದರ್ಜಿ ಮೇಲುಬಟ್ಟೆಯನ್ನು ಜಗ್ಗಿ ಹೊಲಿಯುವುದಿಲ್ಲ. ಒಳಗಿನ ಅಸ್ತರಿಗೆ ಭಾರವನ್ನು ಹೊರಿಸುತ್ತಾನೆ. ಶಸ್ತ್ರವೈದ್ಯನೂ ಹಾಗೆಯೇ. ಮೊದಲು ಒಳಚರ್ಮಕ್ಕೆ ಕರಗುವ ದಾರದಿಂದ, ಗಂಟು ಕೆಳಮುಖವಾಗಿ ಹುದುಗುವಂತೆ ಹೊಲಿದು ಅಂಚುಗಳನ್ನು ಹತ್ತಿರ ತರುತ್ತಾನೆ. ಸೆಳೆತವನ್ನೆಲ್ಲ ಈ ಒಳಹೊಲಿಗೆಯೇ ವಾರಗಟ್ಟಲೆ ಹೊರುತ್ತದೆ. ಮೇಲಿನ ಹೊಲಿಗೆಯ ಕೆಲಸವೇನಿದ್ದರೂ ಅಂಚುಗಳನ್ನು ಸಮಮಟ್ಟದಲ್ಲಿ ಸೇರಿಸುವುದು. ಅಂಚುಗಳು ತುಸು ಮೇಲಕ್ಕೆ ಉಬ್ಬಿದಂತಿದ್ದರೆ ಮಾಯ್ದ ಮೇಲೆ ಚಪ್ಪಟೆಯಾಗುತ್ತವೆ. ಒಳಕ್ಕೆ ಮಡಿಸಿಕೊಂಡರೆ ಶಾಶ್ವತವಾದ ತಗ್ಗು ಉಳಿಯುತ್ತದೆ.

ಮೇಲಿನ ಹೊಲಿಗೆಗಳಲ್ಲಿಯೂ ಬಗೆಗಳಿವೆ. ಬಿಡಿಬಿಡಿಯಾಗಿ ಗಂಟು ಹಾಕಿದ ಹೊಲಿಗೆಗಳು ವಕ್ರವಾದ ಗಾಯಕ್ಕೆ ಅನುಕೂಲ. ಒಂದೆಡೆ ಕೀವಾದರೆ ಅಲ್ಲಿಯದನ್ನು ಮಾತ್ರ ಬಿಚ್ಚಬಹುದು. ಚರ್ಮದೊಳಗೇ ಹಾವಿನಂತೆ ಹರಿದುಹೋಗುವ ಹೊಲಿಗೆಯಲ್ಲಿ ದಾರ ಹೊರಗೆ ಕಾಣುವುದೇ ಇಲ್ಲ. ಸಿಸೇರಿಯನ್ ಶಸ್ತ್ರಕ್ರಿಯೆಯ ಗಾಯಕ್ಕೆ ಇದನ್ನು ವಿಶೇಷವಾಗಿ ಬಳಸುತ್ತಾರೆ. ಲೋಹದ ಸ್ಟೇಪಲ್‌ಗಳು ಬೇಗ ಮುಗಿಯುವ ಕೆಲಸ; ತಲೆಯ ಚರ್ಮಕ್ಕೆ ಸರಿ, ಮುಖಕ್ಕೆ ಸಲ್ಲವು. ಅಮೆರಿಕದಲ್ಲಿ ೧೯೯೮ರಲ್ಲಿ ಮನ್ನಣೆ ಪಡೆದ ಚರ್ಮದ ಅಂಟು ಸೆಳೆತವಿಲ್ಲದ ನೇರವಾದ ಗಾಯಗಳಿಗೆ, ಮುಖ್ಯವಾಗಿ ಮಕ್ಕಳಿಗೆ ಅನುಕೂಲಕರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಂಟನ್ನು ಗಾಯಕ್ಕೆ ಹಚ್ಚುವ ದುಸ್ಸಾಹಸವನ್ನು ಮಾತ್ರ ಯಾರೂ ಮಾಡಬಾರದು.

ಹೊಲಿಗೆ ಬಿಚ್ಚುವ ಕಾಲ

ಕಲೆಯ ಎರಡೂ ಬದಿಗೆ ರೈಲುಹಳಿಯ ಅಡ್ಡಪಟ್ಟಿಗಳಂತೆ ಗುರುತುಗಳು ಮೂಡಿರುವುದನ್ನು ಹಲವರು ನೋಡಿರಬಹುದು. ಹೊಲಿಗೆಯನ್ನು ಬಿಗಿಯಾಗಿ ಎಳೆದುದು, ಬಹಳ ದಿನ ಬಿಟ್ಟುದು ಇವೆರಡೂ ಇದಕ್ಕೆ ಕಾರಣ. ದಾರ ಸಾಗಿದ ಹಾದಿಯೊಳಕ್ಕೆ ಹೊರಚರ್ಮವು ಬೆಳೆದು ಆ ಗುರುತು ಖಾಯಮ್ಮಾಗುತ್ತದೆ. ಆದುದರಿಂದ ಕಣ್ರೆಪ್ಪೆಯ ಹೊಲಿಗೆಯನ್ನು ೩ರಿಂದ ೫ ದಿನಗಳಲ್ಲಿ, ಮುಖದ್ದನ್ನು ೫ರಿಂದ ೭ ದಿನಗಳಲ್ಲಿ, ತಲೆ ಮತ್ತು ಹೊಟ್ಟೆಯದನ್ನು ೭ರಿಂದ ೧೦ ದಿನಗಳಲ್ಲಿ, ಕೈಕಾಲು ಮತ್ತು ಕೀಲುಗಳ ಮೇಲಿನದನ್ನು ೧೦ರಿಂದ ೧೪ ದಿನಗಳಲ್ಲಿ ತೆಗೆಯುವುದು ರೂಢಿ. ‘ಇನ್ನೆರಡು ದಿನ ಇರಲಿ, ಗಟ್ಟಿಯಾಗಲಿ’ ಎಂದು ಊರಿಗೆ ಹೋಗಿ ಬಂದು ತೆಗೆಸುವವರು ಮುಖದ ಅಂದವನ್ನು ಪಣಕ್ಕಿಡುತ್ತಾರೆ.

ಹರಿದ ಕಿವಿ: ಒಂದು ಉದಾಹರಣೆ

ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ, ಭಾರವಾದ ಓಲೆ ಜುಮಕಿಗಳಿಂದ ಕಿವಿಯ ತೂತು ಉದ್ದವಾಗಿ ಕೊನೆಗೆ ಹಾಲೆಯೇ ಸೀಳಿಹೋಗುವುದು. ಸೀಳಿನ ಎರಡೂ ಅಂಚುಗಳಿಗೆ ಈಗಾಗಲೇ ಚರ್ಮ ಬೆಳೆದಿರುವುದರಿಂದ ಅವನ್ನು ಒತ್ತಿ ಹಿಡಿದರೂ ಅಂಟಿಸಿದರೂ ಕೂಡುವುದಿಲ್ಲ. ಜಾಗವನ್ನು ಮರಗಟ್ಟಿಸಿ, ಅಂಚಿನ ಚರ್ಮವನ್ನು ತೆಳುವಾಗಿ ಕತ್ತರಿಸಿ ಹಸಿಮಾಡಿ, ಮುಂದೆ ಹಿಂದೆ ಎರಡು ಕಡೆಯೂ ಸಣ್ಣ ದಾರದಿಂದ ಹೊಲಿಯಬೇಕು. ನೆಟ್ಟಗೆ ಹೊಲಿದರೆ ಕಲೆ ಮುದುಡಿ ಹಾಲೆಯ ತುದಿಯಲ್ಲಿ ಕಚ್ಚು ಬೀಳಬಹುದು. ಅದಕ್ಕಾಗಿ ಕೆಲವರು ಅಂಚನ್ನು ಅಂಕುಡೊಂಕಾಗಿ ಕತ್ತರಿಸಿ ಕೂಡಿಸುತ್ತಾರೆ. ಸುಮಾರು ಮೂರು ತಿಂಗಳು ಕಾದು, ಹಳೆಯ ಕಲೆಯ ಪಕ್ಕದಲ್ಲಿ ಹೊಸ ತೂತು ಚುಚ್ಚಿಸುವುದು ಯೋಗ್ಯ. ಮತ್ತೆ ಅದೇ ಭಾರದ ಓಲೆ ಹಾಕಿದರೆ ಮತ್ತೆ ಅದೇ ಗತಿ.

ಬೆಳೆಯುವ ಕಲೆ

ಕೆಲವರ ಚರ್ಮದಲ್ಲಿ ಕಲೆಯು ಮಾಯುವುದಕ್ಕೆ ಬದಲು ಬೆಳೆಯುತ್ತದೆ. ಗಾಯದ ಎಲ್ಲೆಯೊಳಗೇ ಉಬ್ಬಿ ನಿಂತರೆ ಅದು ತಿಂಗಳುಗಳ ಮೇಲೆ ಇಳಿಯುವ ಸಂಭವವಿದೆ. ಆದರೆ ಎಲ್ಲೆಯನ್ನು ಮೀರಿ ಏಡಿಯ ಕೊಂಡಿಗಳಂತೆ ಸುತ್ತಲಿನ ಚರ್ಮಕ್ಕೆ ಹರಡಿದರೆ ಅದು ಕೀಲಾಯ್ಡ್. ಬಿಳಿಯ ಚರ್ಮದವರಿಗಿಂತ ಕಪ್ಪು ಮತ್ತು ಕಂದು ಚರ್ಮದವರಲ್ಲಿ ಇದು ಹೆಚ್ಚು. ಎದೆಯ ನಡುವಣ ಮೂಳೆಯ ಮೇಲ್ಭಾಗ, ಭುಜ, ಬೆನ್ನಿನ ಮೇಲ್ಭಾಗ, ಕಿವಿಯ ಹಾಲೆ ಇವು ಇದರ ಮೆಚ್ಚಿನ ಜಾಗಗಳು.

ಮದುವೆಯ ಮಾತುಕತೆ ಆರಂಭವಾಗುವ ಹೊತ್ತಿಗೆ ಮಗಳ ಎದೆಯ ಮೇಲಿನ ಕಡಲೆಕಾಳಿನಷ್ಟು ಮಚ್ಚೆಯನ್ನು ತೆಗೆಸಬೇಕೆಂದು ತಾಯಂದಿರು ಹೊರಡುವುದುಂಟು. ನಿರುಪದ್ರವಿಯಾದ ಆ ಮಚ್ಚೆಯ ಜಾಗದಲ್ಲಿ ವರ್ಷ ಕಳೆಯುವುದರೊಳಗೆ ಹೆಬ್ಬೆರಳಿನಷ್ಟು ತುರಿಸುವ, ಚುಚ್ಚುವ ಗಡ್ಡೆ ಎದ್ದರೆ, ಅದನ್ನು ಹೊರುವವಳು ಆ ಹುಡುಗಿ. ಹೀಗಾದುದನ್ನು ಬರಿದೇ ಕತ್ತರಿಸಿ ತೆಗೆದರೆ ಮರುಕಳಿಸುವ ಸಂಭವವೇ ಹೆಚ್ಚು. ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿಯೇ ಬೆಳೆಯುತ್ತದೆ. ಟ್ರಯಾಮ್ಸಿನೊಲೋನ್ ಇಂಜೆಕ್ಷನ್ನು, ಒತ್ತುಪಟ್ಟಿ, ಸಿಲಿಕೋನ್ ಹಾಳೆ, ಕೆಲವೆಡೆ ಶಸ್ತ್ರಕ್ರಿಯೆಯ ಬೆನ್ನಿಗೇ ಕಿರಣಚಿಕಿತ್ಸೆ, ಇವನ್ನು ತಾಳ್ಮೆಯಿಂದ ಕೂಡಿಸಿ ನಡೆಸಬೇಕಾಗುತ್ತದೆ. ಹಾಗೆಂದು ಎಲ್ಲ ಮಚ್ಚೆಗಳನ್ನೂ ಅಲಕ್ಷಿಸುವಂತಿಲ್ಲ. ಬಣ್ಣ ಬದಲಿಸುವ, ಬೆಳೆಯುವ, ರಕ್ತ ಒಸರುವ ಮಚ್ಚೆಯನ್ನು ಕಲೆಯ ಭಯದಿಂದ ಬಿಡದೆ ವೈದ್ಯರಿಗೆ ತೋರಿಸಲೇಬೇಕು. ಕೇವಲ ಅಂದಕ್ಕಾಗಿ ತೆಗೆಸುವವರು ಮಾತ್ರ, ತಮಗಾಗಲಿ ಒಡಹುಟ್ಟಿದವರಿಗಾಗಲಿ ಕಿವಿ ಚುಚ್ಚಿದ ಜಾಗದಲ್ಲಿ, ಚುಚ್ಚುಮದ್ದಿನ ಜಾಗದಲ್ಲಿ ಗಂಟು ಎದ್ದಿತ್ತೇ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮನೆಯ ಆರೈಕೆ

‘ಗಾಯಕ್ಕೆ ಗಾಳಿಯಾಡಲಿ, ಹಕ್ಕಳೆ ಕಟ್ಟಲಿ’ ಎಂಬುದು ಹಳೆಯ ನಂಬಿಕೆ. ಲಂಡನ್ನಿನ ಜಾರ್ಜ್ ವಿಂಟರ್ ೧೯೬೨ರಲ್ಲಿ ಹಂದಿಗಳ ಮೇಲೆ ನಡೆಸಿದ ಪ್ರಯೋಗದಿಂದ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮವು ಸುಮಾರು ಇಮ್ಮಡಿ ವೇಗದಲ್ಲಿ ಹರಡುತ್ತದೆಂದು ತೋರಿಸಿಕೊಟ್ಟನು. ಶುಚಿಯಾದ ಗಾಯಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ ಮುಚ್ಚಿಡುವುದು ಇಂದಿನ ಪದ್ಧತಿ. ಅರಿಶಿನ, ಕಾಫಿಪುಡಿ, ಸುಣ್ಣ, ಹಲ್ಲುಜ್ಜುವ ಪೇಸ್ಟು ಇವು ಯಾವುವೂ ಹೊಲಿಗೆಯ ಬಳಿ ಸುಳಿಯಬಾರದು.

ಪಥ್ಯದ ವಿಷಯದಲ್ಲಿಯೂ ಎಚ್ಚರ ಬೇಕು. ‘ನಂಜಾಗುತ್ತದೆ’ ಎಂದು ಬದನೆಕಾಯಿಯಿಂದ ಮೊಟ್ಟೆಯವರೆಗೆ ಎಲ್ಲವನ್ನೂ ಬಿಡಿಸಿ, ರೋಗಿಯನ್ನು ಗಂಜಿ ತಿಳಿಸಾರಿನಲ್ಲಿ ಹದಿನೈದು ದಿನ ಇಡುವ ಮನೆಗಳು ಇಂದಿಗೂ ಇವೆ. ಕೊಲಾಜೆನ್ ತಯಾರಾಗಲು ಸಸಾರಜನಕ ಬೇಕು, ಸಿ ಜೀವಸತ್ವ ಬೇಕು. ೧೭೪೦ರಿಂದ ೧೭೪೪ರವರೆಗೆ ಆನ್ಸನ್ ಎಂಬ ನೌಕಾಧಿಪತಿ ನಡೆಸಿದ ಸಮುದ್ರಯಾನದಲ್ಲಿ ಹಣ್ಣು ತರಕಾರಿಗಳಿಲ್ಲದೆ ನಾವಿಕರಿಗೆ ಸ್ಕರ್ವಿ ರೋಗ ತಗುಲಿದಾಗ, ೧೬೯೦ರ ಯುದ್ಧದಲ್ಲಿ ಗಾಯಗೊಂಡಿದ್ದ ಒಬ್ಬ ಮುದುಕನ ಅರ್ಧ ಶತಮಾನದ ಹಿಂದಿನ ಗಾಯಗಳು ಮತ್ತೆ ಬಾಯ್ಬಿಟ್ಟವಂತೆ. ಕಲೆಯು ಸತ್ತ ವಸ್ತುವಲ್ಲ. ಅದಕ್ಕೆ ದಿನವೂ ಪೋಷಣೆ ಬೇಕೆಂಬುದಕ್ಕೆ ಇದೇ ಸಾಕ್ಷಿ. ಬೇಳೆ, ಹಾಲು, ಮೊಸರು, ಒಗ್ಗುವವರಿಗೆ ಮೊಟ್ಟೆ ಮೀನು, ಜೊತೆಗೆ ನೆಲ್ಲಿಕಾಯಿ, ಸೀಬೆ, ನಿಂಬೆ ಇವೇ ಗಾಯಕ್ಕೆ ನಿಜವಾದ ಪಥ್ಯ.

ಹೊಗೆಸೊಪ್ಪಿನ ಸೇವನೆ ಗಾಯದ ಪರಮ ವೈರಿ. ನಿಕೋಟಿನ್ನಿನಿಂದ ಚರ್ಮದ ಸಣ್ಣ ರಕ್ತನಾಳಗಳು ಸಂಕುಚಿತವಾಗಿ ಅಂಚುಗಳು ಕಪ್ಪಾಗಿ ಸಾಯಬಹುದು. ಸಿಗರೇಟು, ಬೀಡಿ, ಜಗಿಯುವ ತಂಬಾಕು ಎಲ್ಲವನ್ನೂ ಶಸ್ತ್ರಕ್ರಿಯೆಗೆ ನಾಲ್ಕು ವಾರ ಮುನ್ನವೇ ನಿಲ್ಲಿಸಿ, ಅನಂತರವೂ ದೂರವಿಡಬೇಕು. ಸಕ್ಕರೆ ಕಾಯಿಲೆಯವರು ರಕ್ತದ ಸಕ್ಕರೆಯನ್ನು ಹತೋಟಿಗೆ ತಂದ ಮೇಲೆಯೇ ಸೂಜಿಗೆ ಮೈಯೊಡ್ಡಬೇಕು.

ಹೊಲಿಗೆ ಬಿಚ್ಚಿದ ಮೇಲೆ ಎರಡು ಮೂರು ತಿಂಗಳು ಕಾಗದದ ಅಂಟುಪಟ್ಟಿಯನ್ನು ಕಲೆಯ ಉದ್ದಕ್ಕೂ ಅಂಟಿಸಿಕೊಂಡರೆ ಅದರ ಮೇಲಿನ ಸೆಳೆತ ತಗ್ಗುತ್ತದೆ. ಉಬ್ಬುವ ಲಕ್ಷಣವಿದ್ದರೆ ೧೯೮೦ರ ದಶಕದಿಂದ ಬಳಕೆಗೆ ಬಂದ ಸಿಲಿಕೋನ್ ಹಾಳೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆಯಿಲ್ಲದಂತೆ ಕೆಲವು ತಿಂಗಳು ಧರಿಸಬೇಕು. ಗಾಯ ಪೂರ್ತಿ ಮುಚ್ಚಿಕೊಂಡ ಮೇಲೆ, ವೈದ್ಯರ ಅಪ್ಪಣೆ ಪಡೆದು ಮೃದುವಾಗಿ ತಿಕ್ಕುವುದು ಒಳ್ಳೆಯದು. ಇ ಜೀವಸತ್ವದ ಗುಳಿಗೆಯನ್ನು ಒಡೆದು ಹಚ್ಚುವುದರಿಂದ ಪ್ರಯೋಜನ ಸಿದ್ಧವಾಗಿಲ್ಲ. ಕೆಲವರಿಗೆ ಅದರಿಂದ ತುರಿಕೆ ಗುಳ್ಳೆಗಳೇಳುತ್ತವೆ. ನಮ್ಮ ಮೈಬಣ್ಣದವರಿಗೆ ಬಿಸಿಲು ದೊಡ್ಡ ಶತ್ರು: ಹೊಸ ಕಲೆಗೆ ಬಿಸಿಲು ತಾಗಿದರೆ ಅದು ಕಪ್ಪಾಗಿ ಬಹುಕಾಲ ಹಾಗೆಯೇ ಉಳಿಯುತ್ತದೆ. ಒಂದು ವರ್ಷ ಕೊಡೆ, ಸೆರಗು, ಬಿಸಿಲು ತಡೆಯುವ ಲೇಪ ಇವುಗಳ ರಕ್ಷಣೆ ಇರಲಿ.

ಕೆಂಪು ಹರಡುವುದು, ನೋವು ದಿನೇ ದಿನೇ ಹೆಚ್ಚುವುದು, ಕೀವು, ಜ್ವರ ಇವು ಕಂಡರೆ ಹೊಲಿಗೆ ಬಿಚ್ಚುವ ದಿನದವರೆಗೆ ಕಾಯದೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಸೋಂಕು ತಗುಲಿದ ಗಾಯದ ಕಲೆ ಎಂದೂ ಅಂದವಾಗಿರದು.

ತಿದ್ದುಪಡಿ ಮತ್ತು ತೀರ್ಮಾನ

ಇಷ್ಟೆಲ್ಲ ಜಾಗ್ರತೆಯ ಮೇಲೂ ಕಲೆ ವಿಕಾರವಾಗಿ ಉಳಿದರೆ ತಿದ್ದುವ ಶಸ್ತ್ರಕ್ರಿಯೆಗಳಿವೆ. ಗೆರೆಗೆ ಅಡ್ಡವಾಗಿ ಬಿದ್ದ ಕಲೆಯ ಎರಡು ಬದಿಗಳಲ್ಲಿ ತ್ರಿಕೋನಾಕಾರದ ಚರ್ಮವನ್ನು ಬಿಡಿಸಿ ಸ್ಥಾನ ಬದಲಿಸಿ ಹೊಲಿದರೆ ಕಲೆಯ ದಿಕ್ಕೇ ಬದಲಾಗುತ್ತದೆ, ಕುಗ್ಗಿದ ಚರ್ಮಕ್ಕೆ ಉದ್ದವೂ ಸಿಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾದು, ಪ್ರಕೃತಿ ತನ್ನ ಕೆಲಸ ಮುಗಿಸಿದ ಮೇಲೆಯೇ ಇದಕ್ಕೆ ಕೈಹಾಕುವುದು ವಿವೇಕ.

ಸುರೂಪ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವವರು ವೈದ್ಯರನ್ನು ಸಂಕೋಚವಿಲ್ಲದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಕಲೆ ಎಲ್ಲಿ, ಎಷ್ಟು ಉದ್ದ ಬರುತ್ತದೆ? ಒಳಗೆ ಎಂಥ ಹೊಲಿಗೆ, ಹೊರಗೆ ಎಂಥ ಹೊಲಿಗೆ? ಬಿಚ್ಚುವುದು ಯಾವ ದಿನ? ತಮ್ಮ ಚರ್ಮಕ್ಕೆ ಕೀಲಾಯ್ಡಿನ ಭಯವಿದೆಯೇ? ವೈದ್ಯರು ಈ ಶಾಖೆಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರೇ? ‘ಕಲೆಯೇ ಇರುವುದಿಲ್ಲ’ ಎಂದು ಭರವಸೆ ಕೊಡುವವರಿಗಿಂತ, ಕಾಗದದ ಮೇಲೆ ಗೆರೆ ಎಳೆದು ‘ಇಲ್ಲಿ ಇಷ್ಟು ಉಳಿಯುತ್ತದೆ’ ಎಂದು ತೋರಿಸುವ ವೈದ್ಯರು ನಂಬಿಕೆಗೆ ಹೆಚ್ಚು ಅರ್ಹರು. ಇರುವ ಕುಂದಿಗೂ ಬರಲಿರುವ ಕಲೆಗೂ ನಡುವೆ ಯಾವುದು ಲೇಸೆಂದು ತೂಗಿ ನೋಡುವ ಹಕ್ಕು ರೋಗಿಯದು. ತೂಗಲು ಬೇಕಾದ ಸತ್ಯವನ್ನು ಮುಂದಿಡುವ ಕರ್ತವ್ಯ ವೈದ್ಯರದು.